ನಳನ ಎರಡು ವಿದ್ಯೆಗಳು

ಕಥೆ, ಕವಿತೆ, ನಾಟಕಗಳನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯ ನೂರರಲ್ಲೊಂದು ಪಾಲು ಕೂಡ ಕೈಪಿಡಿಗಳನ್ನು ಕುರಿತು ನಡೆಯುವುದಿಲ್ಲ. ಅಡಿಗೆಯ ಪುಸ್ತಕ, ತೋಟಗಾರಿಕೆಯ ಪುಸ್ತಕ, ಹಣಕಾಸಿನ ಪುಸ್ತಕ ಇವೆಲ್ಲ ಸಾಹಿತ್ಯದ ಹಜಾರಕ್ಕೆ ಬರತಕ್ಕವಲ್ಲ, ಹಿತ್ತಿಲ ಬಾಗಿಲಲ್ಲೇ ನಿಂತು ಹೋಗತಕ್ಕವು ಎಂಬ ಭಾವನೆ ವಿಮರ್ಶಕರಲ್ಲಿ ಬೇರೂರಿದೆ. ಆದರೆ ಓದುಗನು ನಂಬಿ ನಡೆಯುವ ಗದ್ಯ ಯಾವುದು ಎಂದು ಕೇಳಿದರೆ, ಅದು ಈ ಕೈಪಿಡಿಯ ಗದ್ಯವೇ. ಕಾದಂಬರಿಯ ನಾಯಕ ಮಾಡಿದಂತೆ ತಾವೂ ಮಾಡಹೊರಡುವವರು ವಿರಳ. ಕೈಪಿಡಿಯನ್ನಾದರೋ ಅದು ಹೇಳಿದಂತೆ ಮಾಡುವುದಕ್ಕೆಂದೇ ಜನ ಕೊಳ್ಳುತ್ತಾರೆ. ಕವಿತೆಯ ಒಂದು ಸಾಲು ಸುಳ್ಳಾದರೆ ರಸಭಂಗ. ಕೈಪಿಡಿಯ ಒಂದು ಸಾಲು ಸುಳ್ಳಾದರೆ ಊಟ ಕೆಟ್ಟೀತು, ಇಲ್ಲವೆ ಮನೆಯೇ ಕೆಟ್ಟೀತು.

ಈ ಮಾತು ಈಗ ನೆನಪಿಗೆ ಬರಲು ಕಾರಣವುಂಟು. ಹಿಂದೆ ನನ್ನ ತರಗತಿಯಲ್ಲಿ ಓದಿದ್ದ ಹುಡುಗನೊಬ್ಬ, ಈಗ ಇಂಗ್ಲಿಷಿನಿಂದ ಕನ್ನಡಕ್ಕೆ ಪುಸ್ತಕಗಳನ್ನು ತಂದುಕೊಡುವ ಕೆಲಸದಲ್ಲಿರುವವನು, ಕೆಲವು ವಾರಗಳ ಹಿಂದೆ ಎರಡು ಹಸ್ತಪ್ರತಿಗಳನ್ನು ತಂದು ಮೇಜಿನ ಮೇಲಿಟ್ಟ. ಒಂದು, ಮನೆಮಂದಿಯ ರಾತ್ರಿಯೂಟಕ್ಕೆ ಸುಲಭವಾಗಿ ಮಾಡಬಹುದಾದ ಕೋಳಿ ಕ್ಯಾಸರೋಲುಗಳನ್ನು ಕುರಿತದ್ದು. ಇನ್ನೊಂದು, ಹೊಸಬರು ಎಚ್ಚರಿಕೆಯಿಂದ ವಿದೇಶೀ ನಾಣ್ಯಗಳ ಕ್ರಯವಿಕ್ರಯ ಮಾಡುವುದು ಹೇಗೆ ಎಂಬುದನ್ನು ಕುರಿತದ್ದು. "ಸಾರ್, ಭಾಷೆ ಒಂದಿಷ್ಟು ನೋಡಿಕೊಡಿ, ಆದರೆ ಎರಡಕ್ಕೂ ನಾಲ್ಕು ಮಾತು ಮುನ್ನುಡಿ ಬರೆದುಕೊಡಿ" ಎಂದ. ಎರಡನ್ನೂ ಓದಿದೆ. ಮೊದಲನೆಯದಕ್ಕೆ ಮುನ್ನುಡಿ ಬರೆಯಲು ಅಡ್ಡಿಯಿರಲಿಲ್ಲ. ಎರಡನೆಯದಕ್ಕೆ ಬರೆಯಲಾರದೆ ಹೋದೆ. ಏಕೆ ಎಂಬುದನ್ನು ಅವನಿಗೆ ಎದುರಿಗೇ ಹೇಳಿದ್ದೇನೆ. ಆದರೆ ಇಂಥ ಪುಸ್ತಕಗಳು ಇನ್ನೂ ಹಲವು ಬರುವ ಕಾಲವಿದು. ಆದುದರಿಂದ ವಾಚಕರ ಮುಂದೆಯೂ ಇಡುವುದು ಒಳ್ಳೆಯದೆಂದು ತೋರಿತು.

ಮೊದಲು ಒಂದು ಮಾತು. ಕೈಪಿಡಿ ನಮಗೆ ಹೊಸತಲ್ಲ, ಕೀಳೂ ಅಲ್ಲ. ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ವನ್ನು ರಚಿಸಿದಾಗ ಬೇಸಾಯ, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡಿಗೆ, ಸುಗಂಧ, ವಿಷವೈದ್ಯ ಎಲ್ಲವನ್ನೂ ಪದ್ಯದಲ್ಲಿ ಹೇಳಿದನು. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ವಾರ್ಧಕ ಷಟ್ಪದಿಯಲ್ಲಿರುವ ಶುದ್ಧ ಪಾಕಗ್ರಂಥ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಬರೆದುದು ಕೊಡುಕೊಳ್ಳುವ ಜನ ಲೆಕ್ಕದಲ್ಲಿ ಮೋಸಹೋಗದಿರಲೆಂದು. ಮಾಂಸದ ಅಡಿಗೆ ಬೇಕೆಂದರೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವನ್ನು ನೋಡಬಹುದು. ಅಂತೂ ಅಡಿಗೆಮನೆ ಮತ್ತು ಅಂಗಡಿ ಎರಡೂ ನಮ್ಮ ಹಳಬರಿಗೆ ಶಾಸ್ತ್ರಕ್ಕೆ ತಕ್ಕ ವಿಷಯಗಳಾಗಿದ್ದವು. ಈ ಎರಡು ಹಸ್ತಪ್ರತಿಗಳನ್ನು ಅದೇ ಗೌರವದಿಂದ, ಅದೇ ಕಟ್ಟುನಿಟ್ಟಿನಿಂದ ಓದುವುದು ನ್ಯಾಯ.

ಕ್ಯಾಸರೋಲ್ ಎಂಬುದು ಮೂಲತಃ ಫ್ರೆಂಚ್ ಮಾತು. ಅಲ್ಲಿ ಅದರ ಅರ್ಥ ಹಿಡಿಯಿರುವ ಪಾತ್ರೆ ಎಂದು. ಇಂಗ್ಲಿಷಿಗೆ ಬಂದಮೇಲೆ ಒಲೆಯೊಳಗಿಟ್ಟು ಬೇಯಿಸಿ ಹಾಗೆಯೇ ಊಟದ ಮೇಜಿಗೆ ತರುವ ಪಾತ್ರೆಗೂ ಅದರೊಳಗಿನ ಪದಾರ್ಥಕ್ಕೂ ಒಂದೇ ಹೆಸರಾಯಿತು. ಪಾತ್ರೆಯ ಹೆಸರು ತಿಂಡಿಗೆ ಅಂಟುವುದು ನಮಗೇನೂ ವಿಚಿತ್ರವಲ್ಲ. ತಟ್ಟೆ ಇಡ್ಲಿಯನ್ನು ತಿನ್ನುವವರು ತಟ್ಟೆಯನ್ನು ತಿನ್ನುವುದಿಲ್ಲವಷ್ಟೆ. ಈ ಅಡಿಗೆ ಅಮೆರಿಕದ ಸಾಮಾನ್ಯ ಮನೆಗಳಲ್ಲಿ ಬೆಳೆದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಒಲೆಯ ಶಾಖವನ್ನು ತಾಳುವ ಗಾಜಿನ ಪಾತ್ರೆ, ಪೈರೆಕ್ಸ್ ಎಂಬುದು, ೧೯೧೫ರಲ್ಲಿ ಮಾರುಕಟ್ಟೆಗೆ ಬಂತು. ಡಬ್ಬಿಯಲ್ಲಿ ಗಟ್ಟಿಯಾಗಿಸಿದ ಸೂಪನ್ನು ಕ್ಯಾಂಬೆಲ್ ಕಂಪನಿಯ ಡಾರೆನ್ಸ್ ಎಂಬ ರಸಾಯನಶಾಸ್ತ್ರಜ್ಞನು ೧೮೯೭ರಲ್ಲೇ ಸಿದ್ಧಪಡಿಸಿದ್ದನು. ಅದೇ ಕಂಪನಿಯ ಅಣಬೆಯ ಕ್ರೀಮ್ ಸೂಪು ೧೯೩೪ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ಬಂದಿತು. ಬೇಯಿಸಿದ ಕೋಳಿ, ಅಕ್ಕಿ ಅಥವಾ ನೂಡಲ್, ಒಂದು ಡಬ್ಬಿ ಸೂಪು, ಮೇಲೆ ಚೀಸು ಇಲ್ಲವೆ ಬ್ರೆಡ್ಡಿನ ಪುಡಿ: ಒಲೆಯೊಳಗಿಟ್ಟು ಬಾಗಿಲು ಮುಚ್ಚಿದರೆ ತಾಯಿಯಾದವಳು ಅಷ್ಟು ಹೊತ್ತು ಬೇರೆ ಕೆಲಸಕ್ಕೆ ಹೋಗಬಹುದು. ಕೋಳಿ ಸ್ವಲ್ಪವಿದ್ದರೂ ಅನ್ನದೊಡನೆ ಬೆರೆತು ಆರು ಜನಕ್ಕೆ ಸಾಲುತ್ತದೆ. ಬಡತನಕ್ಕೂ ಬಿಡುವಿಲ್ಲದಿರುವಿಕೆಗೂ ಒಟ್ಟಿಗೆ ಸಿಕ್ಕ ಉತ್ತರ ಅದು.

ಈ ಬಗೆಯ ಅಡಿಗೆಗೆ ತಕ್ಕ ಗದ್ಯವನ್ನು ಕಂಡುಕೊಂಡವರೂ ಉಂಟು. ಸೇಂಟ್ ಲೂಯಿಸ್ ನಗರದ ಇರ್ಮಾ ರೊಂಬಾವರ್ ಎಂಬಾಕೆ, ಗಂಡನನ್ನು ಕಳೆದುಕೊಂಡ ಮರುವರ್ಷ, ೧೯೩೧ರಲ್ಲಿ, ಸ್ವಂತ ಹಣದಿಂದ 'ದಿ ಜಾಯ್ ಆಫ್ ಕುಕಿಂಗ್' ಪುಸ್ತಕದ ೩೦೦೦ ಪ್ರತಿಗಳನ್ನು ಅಚ್ಚುಹಾಕಿಸಿದಳು. ೧೯೩೬ರ ಆವೃತ್ತಿಯಿಂದ ಮುಂದೆ ಆಕೆ ಸಾಮಾನುಗಳ ಪಟ್ಟಿಯನ್ನು ಬೇರೆಯಾಗಿ ಕೊಡದೆ, ಯಾವ ಹಂತದಲ್ಲಿ ಯಾವ ಪದಾರ್ಥ ಬೇಕೋ ಅಲ್ಲಿಯೇ ಹೇಳುತ್ತ ಹೋಗುವ ಕ್ರಮವನ್ನು ತಂದಳು. ಪಕ್ಕದಲ್ಲಿ ನಿಂತು ಮಾತಾಡುವ ಅನುಭವಸ್ಥೆಯ ಧ್ವನಿ ಆ ಬರವಣಿಗೆಗೆ ಬಂದುದು ಇದರಿಂದ. ೧೯೬೦ರಲ್ಲಿ ಪೆಗ್ ಬ್ರಾಕನ್ ಎಂಬಾಕೆ ಅಡಿಗೆಯೆಂದರೆ ಆಗದವರಿಗಾಗಿಯೇ ಒಂದು ಅಡಿಗೆ ಪುಸ್ತಕ ಬರೆದಳು. ಬೇಸರವನ್ನು ಮುಚ್ಚಿಡದೆ ಒಪ್ಪಿಕೊಂಡು ನಗುವುದೇ ಅದರ ಗುಣ. ಇಬ್ಬರೂ 'ಸುಲಭ' ಎಂಬ ಮಾತಿಗೆ ಮೋಸಮಾಡಲಿಲ್ಲ.

ನನ್ನ ಶಿಷ್ಯನ ಕೋಳಿಯ ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ನಮ್ಮ ಬಹುಪಾಲು ಮನೆಗಳಲ್ಲಿ ಓವನ್ ಇಲ್ಲವೆಂಬುದನ್ನು ಅನುವಾದಕ ಮರೆತಿದ್ದಾನೆ. ದಪ್ಪ ತಳದ ಪಾತ್ರೆಯಲ್ಲಿಟ್ಟು, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ದಮ್ಮಿನ ಕ್ರಮ ನಮ್ಮಲ್ಲಿಯೇ ಇದೆ. ಅದನ್ನು ಹೇಳಿದ್ದರೆ ಎಷ್ಟೋ ಮನೆಗಳಿಗೆ ದಾರಿಯಾಗುತ್ತಿತ್ತು. 'ಗೋಲ್ಡನ್ ಬ್ರೌನ್' ಎಂಬುದನ್ನು 'ಬಂಗಾರದ ಕಂದು' ಎಂದು ಬರೆದಿದ್ದಾನೆ. ಬಂಗಾರ ಎಂದು ಕಂದಾಯಿತು? 'ಹೊಂಬಣ್ಣಕ್ಕೆ ತಿರುಗುವವರೆಗೆ' ಎಂದರೆ ಸಾಕಾಗಿತ್ತು. ಕನ್ನಡದ ಅಡಿಗೆಮನೆಯಲ್ಲಿ ಎಂಥ ಮಾತುಗಳಿವೆ! ಹಸಿ ವಾಸನೆ ಹೋಗುವವರೆಗೆ, ಎಣ್ಣೆ ಬಿಡುವವರೆಗೆ, ಸೌಟಿಗೆ ಅಂಟದಂತಾಗುವವರೆಗೆ. ಇವು ಅಳತೆಗಳಲ್ಲ, ಗುರುತುಗಳು. ಕಣ್ಣು, ಮೂಗು, ಕೈಗಳಿಗೆ ಕೊಟ್ಟ ಸಾಕ್ಷ್ಯ. ಮುದ್ದೆಯ ಜೊತೆಗೆ ಕೋಳಿಸಾರು ಮಾಡುವ ಹೆಣ್ಣುಮಗಳಿಗೆ ಈ ಗುರುತುಗಳಲ್ಲಿ ಹೇಳಿದರೆ ಪರದೇಶದ ಕ್ಯಾಸರೋಲೂ ಪರಕೀಯವೆನಿಸದು.

ಆದರೂ ಆ ಪುಸ್ತಕ ಪ್ರಾಮಾಣಿಕವಾದುದು. ೧೭೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಒಂದು ಗಂಟೆ ಎನ್ನುತ್ತದೆ. ಕೋಳಿಯ ದಪ್ಪ ಭಾಗದ ಒಳಗಿನ ಶಾಖ ೭೪ ಡಿಗ್ರಿ ಮುಟ್ಟದೆ ಒಲೆಯಿಂದ ತೆಗೆಯಬಾರದು ಎನ್ನುತ್ತದೆ. ಹಸಿ ಕೋಳಿಯನ್ನು ನಲ್ಲಿಯಡಿ ತೊಳೆದರೆ ಸಿಡಿಯುವ ನೀರಿನಿಂದ ರೋಗಾಣುಗಳು ಬೇರೆ ಪಾತ್ರೆಗಳಿಗೆ ಹರಡುವುದರಿಂದ ತೊಳೆಯಬೇಡಿ ಎನ್ನುತ್ತದೆ. ಅಪಾಯ ಎಲ್ಲಿದೆ, ಅದು ಕಳೆದುದಕ್ಕೆ ಗುರುತೇನು, ಎರಡನ್ನೂ ಹೇಳಿದೆ. ಹೊಸಬನಿಗೆ ಕೊಡಬೇಕಾದ ಎಚ್ಚರಿಕೆಯೆಂದರೆ ಇದು. 'ಎಚ್ಚರಿಕೆ' ಎಂಬ ಮಾತನ್ನು ಹೆಸರಿನಲ್ಲಿಟ್ಟುಕೊಂಡಿರುವ ಪುಸ್ತಕ ಇದಲ್ಲ, ಇನ್ನೊಂದು ಎಂಬುದೇ ವಿನೋದ.

ಇನ್ನು ಆ ಎರಡನೆಯ ಪುಸ್ತಕ. ೧೯೪೪ರ ಬ್ರೆಟನ್ ವುಡ್ಸ್ ಒಪ್ಪಂದದಿಂದ ೧೯೭೧ರವರೆಗೆ ಮುಖ್ಯ ದೇಶಗಳ ನಾಣ್ಯಗಳ ಬೆಲೆ ಡಾಲರಿಗೂ ಡಾಲರು ಚಿನ್ನಕ್ಕೂ ಕಟ್ಟಿಹಾಕಿದ್ದವು. ಬದಲಾದರೆ ಸರಕಾರದ ಆಜ್ಞೆಯಿಂದ ಬದಲಾಗಬೇಕಿತ್ತು. ೧೯೬೬ರ ಜೂನ್ ೬ರಂದು ನಮ್ಮ ರೂಪಾಯಿ ಡಾಲರಿಗೆ ೪.೭೬ರಿಂದ ೭.೫೦ಕ್ಕೆ ಇಳಿದುದು ಹಾಗೆ. ೧೯೭೧ರ ಆಗಸ್ಟ್ ೧೫ರಂದು ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದ. ೧೯೭೩ರಿಂದ ಮುಖ್ಯ ನಾಣ್ಯಗಳು ಗಳಿಗೆಗಳಿಗೆಗೂ ಏರಿಳಿಯತೊಡಗಿದವು. ನಮ್ಮಲ್ಲಿ ರೂಪಾಯಿಯ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುದು ೧೯೯೩ರಲ್ಲಿ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಡಾಲರು-ರೂಪಾಯಿಯ ಫ್ಯೂಚರ್ಸ್ ಆರಂಭವಾದುದು ೨೦೦೮ರ ಆಗಸ್ಟ್ ೨೯ರಂದು. ೨೦೨೨ರ ಏಪ್ರಿಲಿನಲ್ಲಿ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್ ಎಣಿಸಿದಾಗ ಪ್ರಪಂಚದ ನಾಣ್ಯ ವಿನಿಮಯ ದಿನಕ್ಕೆ ೭.೫ ಲಕ್ಷ ಕೋಟಿ ಡಾಲರು. ಚಿನಿವಾರಪೇಟೆಯಲ್ಲಿ ವಟ್ಟ ಹಿಡಿದು ನಾಣ್ಯ ಬದಲಿಸುತ್ತಿದ್ದ ಕಾಲದಿಂದ ಇಲ್ಲಿಗೆ ಬಹಳ ದೂರ ಬಂದಿದ್ದೇವೆ.

ಪುಸ್ತಕದಲ್ಲಿ ಮೆಚ್ಚತಕ್ಕ ಮಾತುಗಳಿವೆ. ಪ್ರತಿಯೊಂದು ವ್ಯವಹಾರವನ್ನೂ ದಿನಚರಿಯಲ್ಲಿ ಬರೆದಿಡಿ ಎನ್ನುತ್ತದೆ. ಒಂದು ಸಲಕ್ಕೆ ಬಂಡವಾಳದ ನೂರಕ್ಕೆ ಒಂದರಷ್ಟಕ್ಕಿಂತ ಹೆಚ್ಚನ್ನು ಅಪಾಯಕ್ಕೆ ಒಡ್ಡಬೇಡಿ ಎನ್ನುತ್ತದೆ. ಇದು ಲೆಕ್ಕಕ್ಕೆ ನಿಲ್ಲುವ ಮಾತು: ಒಂದೊಂದರಂತೆ ಹತ್ತು ಸಲ ಸತತವಾಗಿ ಸೋತರೂ ನೂರರಲ್ಲಿ ತೊಂಬತ್ತು ಉಳಿದಿರುತ್ತದೆ, ಪ್ರತಿಸಲವೂ ಹತ್ತರ ಒಂದು ಪಾಲನ್ನು ಒಡ್ಡಿ ಹತ್ತು ಸಲ ಸೋತವನಿಗೆ ಉಳಿಯುವುದು ಮೂವತ್ತೈದು. ಆದರೆ ವಾಚಕರು ಗಮನಿಸಬೇಕು. ಈ ಎಚ್ಚರಿಕೆ ಸೋಲನ್ನು ನಿಧಾನಗೊಳಿಸುತ್ತದೆಯೇ ಹೊರತು ಗೆಲುವನ್ನು ತರುವುದಿಲ್ಲ. ನಾಳೆ ಡಾಲರು ಏರುತ್ತದೆಯೋ ಇಳಿಯುತ್ತದೆಯೋ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಣ ಅಂತರವನ್ನು ಪ್ರತಿಸಲವೂ ಮಧ್ಯವರ್ತಿಗೆ ತೆರಬೇಕು. ಆದುದರಿಂದ ನಿಧಾನವಾಗಿ ಆಡಿದವನು ನಿಧಾನವಾಗಿಯಾದರೂ ಸವೆಯುತ್ತಾನೆ.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ನನ್ನ ಮುಖ್ಯವಾದ ಆಕ್ಷೇಪವೂ ಅಲ್ಲಿಯೇ. ನಮ್ಮ ವ್ಯಾಕರಣದಲ್ಲಿ ಕ್ರಿಯಾಪದಕ್ಕೆ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂಬ ಮೂರು ರೂಪಗಳನ್ನು ಹೇಳುತ್ತಾರೆ. ಪ್ರೌಢಶಾಲೆಯ ಮಕ್ಕಳೂ ಉರುಹೊಡೆಯುವ ವಿಷಯ. ಮಾಡು, ಮಾಡಿರಿ, ಮಾಡಲಿ: ಇದು ವಿಧಿ. ಮಾಡನು, ಆಗದು, ತಿಳಿಯದು: ಇದು ನಿಷೇಧ. ಮಾಡಿಯಾನು, ಏರೀತು, ಬಿದ್ದೀತು: ಇದು ಸಂಭಾವನೆ. ಅಡಿಗೆಯ ಪುಸ್ತಕ ಪೂರ್ತಿಯಾಗಿ ವಿಧ್ಯರ್ಥದಲ್ಲಿರುತ್ತದೆ. ಹೆಚ್ಚಿರಿ, ಹುರಿಯಿರಿ, ಮುಚ್ಚಿರಿ, ಇಳಿಸಿರಿ. ಅದಕ್ಕೆ ಆ ಅಧಿಕಾರವುಂಟು; ಏಕೆಂದರೆ ಅದೇ ಕೋಳಿ, ಅದೇ ಶಾಖ, ಅದೇ ಹೊತ್ತು ಇದ್ದರೆ ಅದೇ ಪಾಕ ಬರುತ್ತದೆ. ಬೆಂಕಿ ಎದುರಾಳಿಯಲ್ಲ. ನಾವು ಏನು ಮಾಡುತ್ತೇವೆಂದು ನೋಡಿ ಅದು ತನ್ನ ಗುಣವನ್ನು ಬದಲಿಸುವುದಿಲ್ಲ.

ನಾಣ್ಯದ ಪುಸ್ತಕವೂ ವಿಧ್ಯರ್ಥದಲ್ಲಿಯೇ ಇದೆ. ಈ ಗೆರೆ ಆ ಗೆರೆಯನ್ನು ದಾಟಿದಾಗ ಕೊಳ್ಳಿರಿ. ಇಷ್ಟು ಲಾಭ ಬಂದಾಗ ಮಾರಿರಿ. ಇಷ್ಟು ನಷ್ಟಕ್ಕೆ ತಡೆ ಹಾಕಿರಿ. ವಾಕ್ಯದ ನಡೆ ಅಡಿಗೆಯ ವಾಕ್ಯದ್ದೇ. ಒಂದನ್ನು ಓದಿ ಇನ್ನೊಂದನ್ನು ಓದಿದ ನನಗೆ ಹಂತಗಳ ಸಂಖ್ಯೆ, ಚಿಕ್ಕ ಚಿಕ್ಕ ವಾಕ್ಯ, ಕೊನೆಯಲ್ಲಿ ಶುಭ ಹಾರೈಕೆ ಎಲ್ಲವೂ ಒಂದೇ ಅಚ್ಚಿನಿಂದ ಬಂದಂತೆ ಕಂಡವು. ಆದರೆ ಇಲ್ಲಿ ಕೊಳ್ಳುವವನ ಎದುರಿಗೆ ಮಾರುವವನೊಬ್ಬನಿದ್ದಾನೆ. ಅವನೂ ಯೋಚಿಸುತ್ತಿದ್ದಾನೆ, ಹಲವು ಸಲ ನಮಗಿಂತ ಹೆಚ್ಚು ಬಲ್ಲವನಾಗಿದ್ದಾನೆ. ಕ್ಯಾಸರೋಲನ್ನು ಆರು ತಟ್ಟೆಗಳಿಗೆ ಹಂಚಬಹುದು. ಇಲ್ಲಿ ಒಬ್ಬನ ತಟ್ಟೆಗೆ ಬೀಳುವುದು ಇನ್ನೊಬ್ಬನ ತಟ್ಟೆಯಿಂದ ಎತ್ತಿದುದು. ಇಂಥ ವಿಷಯಕ್ಕೆ ಸಲ್ಲುವ ಕ್ರಿಯಾರೂಪ ಸಂಭಾವನಾರ್ಥ. ಏರೀತು, ಇಳಿದೀತು, ನಿಂತಲ್ಲೇ ನಿಂತೀತು. ಕೆಲವೆಡೆ ನಿಷೇಧವೂ ಬೇಕು: ಯಾರಿಗೂ ತಿಳಿಯದು. ನೂರೈವತ್ತು ಪುಟದ ಆ ಹಸ್ತಪ್ರತಿಯಲ್ಲಿ 'ಬಿದ್ದೀತು' ಎಂಬ ಜಾತಿಯ ರೂಪವನ್ನು ಹುಡುಕಿದೆ. ಒಂದೇ ಒಂದು ಸಿಕ್ಕಿತು, ಅದೂ ಮಳೆಯ ಉಪಮಾನದಲ್ಲಿ. ಅನಿಶ್ಚಯಕ್ಕೆಂದೇ ಬೇರೊಂದು ರೂಪವನ್ನು ಇಟ್ಟುಕೊಂಡಿರುವ ಭಾಷೆಯಲ್ಲಿ ಅದನ್ನು ಬಳಸದೆ ಬರೆದುದು ಶೈಲಿಯ ದೋಷವಷ್ಟೇ ಅಲ್ಲ, ಅರ್ಥದ ದೋಷ.

ಅಳತೆಯ ಮಾತು ಇನ್ನೊಂದು. ಅಡಿಗೆಯಲ್ಲಿ ಚಿಟಿಕೆ ಎಂದರೆ ಚಿಟಿಕೆಯೇ. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಸಹಿಸಿಕೊಂಡು ಉಣ್ಣಬಹುದು. ನಾಣ್ಯದ ಪೇಟೆಯ ಚಿಟಿಕೆಗೆ 'ಪಿಪ್' ಎಂದು ಹೆಸರು, ಸಾಮಾನ್ಯವಾಗಿ ದಶಮಾಂಶದ ನಾಲ್ಕನೆಯ ಸ್ಥಾನ. ಕಣ್ಣಿಗೆ ಏನೂ ಅಲ್ಲ. ಆದರೆ ಅಲ್ಲಿ ಒಂದು ಪೂರ್ಣ 'ಲಾಟ್' ಎಂದರೆ ೧,೦೦,೦೦೦ ನಾಣ್ಯ. ಯೂರೋ-ಡಾಲರಿನ ಜೋಡಿಯಲ್ಲಿ ಒಂದು ಪಿಪ್ ಸರಿದರೆ ಹತ್ತು ಡಾಲರು ಬಂತು ಇಲ್ಲವೆ ಹೋಯಿತು. ನಮ್ಮ ಎಕ್ಸ್‌ಚೇಂಜಿನ ಒಪ್ಪಂದ ಚಿಕ್ಕದು, ೧೦೦೦ ಡಾಲರು. ಲೆಕ್ಕಕ್ಕಾಗಿ ಡಾಲರಿಗೆ ೮೦ ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು ಬೆಲೆ ೮೦,೦೦೦. ಮುಂಗಡ ನೂರಕ್ಕೆ ಮೂರು ಎಂದರೆ ಕೈಯಿಂದ ಇಡುವುದು ೨,೪೦೦. ಬೆಲೆ ಒಂದು ರೂಪಾಯಿ ವಿರುದ್ಧವಾಗಿ ಸರಿದರೆ ನಷ್ಟ ೧,೦೦೦. ಅಂದರೆ ಡಾಲರು ಕದಲಿದುದು ಎಂಬತ್ತರಲ್ಲಿ ಒಂದು ಪಾಲು. ಇಟ್ಟ ಹಣದಲ್ಲಿ ಹೋದುದು ಐದರಲ್ಲಿ ಎರಡು ಪಾಲಿಗೂ ಮಿಗಿಲು. ರಾಜಾದಿತ್ಯನ ಶಿಷ್ಯನಿಗೆ ಇದು ತ್ರೈರಾಶಿಯ ಒಂದು ಸಣ್ಣ ಲೆಕ್ಕ. ಆದರೆ ಪುಸ್ತಕದಲ್ಲಿ ಈ ಲೆಕ್ಕ ಲಾಭದ ಕಡೆಗೆ ಮಾತ್ರ ನಾಲ್ಕು ಸಲ ಬಂದಿದೆ. ನಷ್ಟದ ಕಡೆಗೆ ಒಂದು ಸಲವೂ ಬಂದಿಲ್ಲ. ಅಡಿಗೆಯಲ್ಲಿ ಉಪ್ಪನ್ನು ಮಾತ್ರ ಹೇಳಿ ಉರಿಯನ್ನು ಹೇಳದಂತಾಯಿತು.

ನಷ್ಟಕ್ಕೆ ತಡೆ ಹಾಕಿದ್ದೇವಲ್ಲ ಎನ್ನಬಹುದು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಬ್ಯಾಂಕು ತನ್ನ ಫ್ರಾಂಕ್ ಯೂರೋಗೆ ೧.೨೦ಕ್ಕಿಂತ ಬಲಗೊಳ್ಳಲು ಬಿಡುವುದಿಲ್ಲವೆಂದು ೨೦೧೧ರ ಸೆಪ್ಟೆಂಬರಿನಿಂದ ಹೇಳಿಕೊಂಡು ಬಂದಿತ್ತು. ೨೦೧೫ರ ಜನವರಿ ೧೫ರಂದು ಬೆಳಗ್ಗೆ, ಮುನ್ಸೂಚನೆಯಿಲ್ಲದೆ, ಆ ಮಾತನ್ನು ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತಲೂ ಕೆಳಗೆ ಬಿತ್ತು. ೧.೧೯ರಲ್ಲಿ ತಡೆ ಹಾಕಿಕೊಂಡಿದ್ದ ಎಚ್ಚರಿಕೆಯ ಜನಕ್ಕೆ ಆ ಬೆಲೆಯಲ್ಲಿ ಕೊಳ್ಳುವವನೇ ಸಿಕ್ಕಲಿಲ್ಲ. ಸಿಕ್ಕಿದಾಗ ಬೆಲೆ ಎಲ್ಲೋ ಇಳಿದುಹೋಗಿತ್ತು. ಎಷ್ಟೋ ಮಂದಿ ಇಟ್ಟ ಹಣವನ್ನು ಕಳೆದುಕೊಂಡುದಲ್ಲದೆ ಮೇಲೆ ಸಾಲಗಾರರೂ ಆದರು. ಬೇಲಿ ಇರುವುದು ದನ ಮೇಯುವಾಗ. ಹೊಳೆ ಬಂದಾಗ ಅಲ್ಲ.

ಐರೋಪ್ಯ ಒಕ್ಕೂಟದ ಮಾರುಕಟ್ಟೆ ಪ್ರಾಧಿಕಾರವು ೨೦೧೮ರಲ್ಲಿ ಸಾಮಾನ್ಯ ಜನರಿಗೆ ಮಾರುವ ಇಂಥ ಒಪ್ಪಂದಗಳಿಗೆ ಕಟ್ಟುಪಾಡು ಹಾಕಿದಾಗ, ಅವರ ಖಾತೆಗಳಲ್ಲಿ ನೂರಕ್ಕೆ ೭೪ರಿಂದ ೮೯ರಷ್ಟು ನಷ್ಟ ಹೊಂದುತ್ತವೆ ಎಂದು ಕಂಡಿತ್ತು. ಮುಖ್ಯ ನಾಣ್ಯಗಳಲ್ಲಿ ಒಂದಕ್ಕೆ ಮೂವತ್ತರಷ್ಟಕ್ಕಿಂತ ಹೆಚ್ಚು ವ್ಯವಹಾರಕ್ಕೆ ಅವಕಾಶ ಕೊಡಕೂಡದು, ಪ್ರತಿಯೊಂದು ಸಂಸ್ಥೆಯೂ ತನ್ನಲ್ಲಿ ನೂರಕ್ಕೆ ಎಷ್ಟು ಜನ ಸೋಲುತ್ತಾರೆಂದು ಜಾಹೀರಾತಿನಲ್ಲೇ ಹೇಳಬೇಕು ಎಂದು ವಿಧಿಸಿತು. ನಮ್ಮಲ್ಲಿ ಸೆಬಿ ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನ ನಾಣ್ಯದ್ದಲ್ಲ, ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕುರಿತದ್ದು. ಮೂರು ವರ್ಷಗಳಲ್ಲಿ ಅಲ್ಲಿ ಆಡಿದ ವ್ಯಕ್ತಿಗಳಲ್ಲಿ ನೂರಕ್ಕೆ ೯೩ ಮಂದಿ ಸೋತಿದ್ದರು. ನೂರು ಜನ ಮಾಡಿ ಎಪ್ಪತ್ತೈದು ಮನೆಗಳಲ್ಲಿ ಸೀದುಹೋಗುವ ಒಂದು ಕ್ಯಾಸರೋಲನ್ನು 'ಹೊಸಬರಿಗೆ' ಎಂದು ಯಾವ ಅಡಿಗೆಯ ಪುಸ್ತಕ ಹೇಳಿದೆ?

ಎಲ್ಲಕ್ಕಿಂತ ದೊಡ್ಡ ಲೋಪ ಅನುವಾದದ್ದು. ಮೂಲ ಪುಸ್ತಕ ಬೇರೊಂದು ದೇಶದ ಕಾನೂನಿನಡಿ ಹುಟ್ಟಿದುದು. ನಮ್ಮಲ್ಲಿ ೧೯೯೯ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯ ಪ್ರಕಾರ, ಅಧಿಕೃತ ವ್ಯಕ್ತಿಗಳೊಡನೆ ಮತ್ತು ಅನುಮತಿ ಪಡೆದ ಎಕ್ಸ್‌ಚೇಂಜುಗಳಲ್ಲಿ ಮಾತ್ರ ಈ ವ್ಯವಹಾರ ನಡೆಯಬಹುದು. ಅನುಮತಿಯಿಲ್ಲದ ವೇದಿಕೆಗಳ ಹೆಸರುಗಳನ್ನು ರಿಸರ್ವ್ ಬ್ಯಾಂಕು ೨೦೨೨ರ ಸೆಪ್ಟೆಂಬರಿನಿಂದ ಪಟ್ಟಿಮಾಡಿ ಪ್ರಕಟಿಸುತ್ತ ಬಂದಿದೆ. ರೂಪಾಯಿ ಒಳಗೊಂಡ ಒಪ್ಪಂದಗಳಿಗೆ ನಿಜವಾದ ವಿದೇಶೀ ಹಣದ ಬಾಧ್ಯತೆಯೋ ಬರಬೇಕಾದ ಬಾಕಿಯೋ ಇರಬೇಕೆಂಬುದನ್ನು ೨೦೨೪ರ ಜನವರಿಯ ಸುತ್ತೋಲೆ ಸ್ಪಷ್ಟಪಡಿಸಿತು. ಆ ವರ್ಷದ ಮೇ ೩ರಿಂದ ಅದು ಜಾರಿಗೆ ಬಂತು. ಅಂದರೆ ಬರತಕ್ಕ ಡಾಲರೂ ಕೊಡತಕ್ಕ ಡಾಲರೂ ಇಲ್ಲದ ಹೊಸಬನು ರೂಪಾಯಿಯ ಏರಿಳಿತದ ಮೇಲೆ ಪಣವೊಡ್ಡುವಂತಿಲ್ಲ. ಈ ಸಂಗತಿ ಕನ್ನಡದ ಪ್ರತಿಯಲ್ಲಿ ಒಂದು ಸಾಲೂ ಇಲ್ಲ. ಓವನ್ ಇಲ್ಲದ ಮನೆಗೆ ಓವನಿನ ಅಡಿಗೆ ಹೇಳಿದುದನ್ನು ಮನ್ನಿಸಬಹುದು. ಕಾನೂನು ಬಾಹಿರವಾದುದನ್ನು ಕಾನೂನಿನ ಮಾತೆತ್ತದೆ ಹೇಳಿಕೊಟ್ಟುದನ್ನು ಹೇಗೆ ಮನ್ನಿಸುವುದು?

ಹುಡುಗ ಇದಕ್ಕೆ ಒಂದು ಒಳ್ಳೆಯ ಪ್ರಶ್ನೆ ಹಾಕಿದ. "ರೈತ ಈರುಳ್ಳಿ ಬಿತ್ತುವುದೂ ಬೆಲೆ ಗೊತ್ತಿಲ್ಲದೆಯೇ ಅಲ್ಲವೆ, ಸಾರ್? ಹಾಗಾದರೆ ಬೇಸಾಯದ ಪುಸ್ತಕವನ್ನೂ ಬರೆಯಬಾರದೆ?" ಎಂದ. ಬರೆಯಬಹುದು. ರೈತನಿಗೆ ಬೆಲೆ ಬಾರದಿದ್ದರೂ ಈರುಳ್ಳಿ ಬಂದಿರುತ್ತದೆ. ಅದು ಯಾರಾದರೊಬ್ಬರ ಹೊಟ್ಟೆಗೆ ಹೋಗುತ್ತದೆ. ಅವನ ಅನಿಶ್ಚಯ ಅವನು ಹುಡುಕಿಕೊಂಡು ಹೋದುದಲ್ಲ, ದುಡಿಮೆಯೊಡನೆ ತಾನಾಗಿ ಬಂದುದು. ನಾಣ್ಯದ ಪೇಟೆಗೂ ಅಂಥ ಜನ ಬರುತ್ತಾರೆ. ಚಿಕ್ಕಮಗಳೂರಿನಿಂದಲೋ ಕೊಡಗಿನಿಂದಲೋ ಕಾಫಿಯನ್ನು ಹೊರದೇಶಕ್ಕೆ ಕಳುಹಿಸುವವನಿಗೆ ಡಾಲರು ಕೈಸೇರುವುದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ರೂಪಾಯಿ ಬಲಗೊಂಡರೆ ಅವನ ಲಾಭ ಕರಗೀತು. ಮಗಳನ್ನು ಅಮೆರಿಕದಲ್ಲಿ ಓದಿಸುತ್ತಿರುವ ತಂದೆಗೆ ಮುಂದಿನ ವರ್ಷದ ಫೀಸು ರೂಪಾಯಿಯಲ್ಲಿ ಎಷ್ಟಾದೀತೋ ತಿಳಿಯದು. ಇಂಥವರು ಇಂದಿನ ಬೆಲೆಯನ್ನೇ ಕಟ್ಟಿಟ್ಟುಕೊಳ್ಳಲು ಪೇಟೆಗೆ ಹೋಗುವುದು ಇರುವ ಅಪಾಯವನ್ನು ಕಳೆದುಕೊಳ್ಳುವುದಕ್ಕೆ. ಹೊಸಬನನ್ನು ಕರೆದೊಯ್ಯುವುದು ಇಲ್ಲದ ಅಪಾಯವನ್ನು ತಂದುಕೊಳ್ಳುವುದಕ್ಕೆ. ಎರಡಕ್ಕೂ 'ಟ್ರೇಡಿಂಗ್' ಎಂಬ ಒಂದೇ ಹೆಸರು ಕೊಟ್ಟು, ಅದನ್ನು ಕನ್ನಡದಲ್ಲಿ 'ವ್ಯಾಪಾರ' ಎಂದರೆ, ಸರಕು ಕೊಟ್ಟು ಹಣ ಪಡೆಯುವ ಮರ್ಯಾದೆಯ ಮಾತು ಸಟ್ಟಾಕ್ಕೆ ಸಾಲ ಕೊಟ್ಟಂತಾಯಿತು. ನಿಜವಾಗಿ ಎಚ್ಚರಿಕೆಯ ಪುಸ್ತಕ ಬೇಕೆಂದರೆ ಆ ಕಾಫಿಯವನಿಗೆ, ಆ ತಂದೆಗೆ ಬರೆಯಲಿ. ಕನ್ನಡದಲ್ಲಿ ಅದರ ಅಗತ್ಯವಿದೆ.

'ಸುಲಭ' ಮತ್ತು 'ಲಾಭ' ಎರಡೂ 'ಲಭ್' ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಒಂದು, ಚೆನ್ನಾಗಿ ಕೈಗೆ ದೊರಕುವುದು, ಇನ್ನೊಂದು, ದೊರಕಿದುದು. ಒಂದೇ ತಾಯಿಯ ಮಕ್ಕಳಾದರೂ ಇವೆರಡೂ ಜೊತೆಯಾಗಿ ಬಂದಲ್ಲಿ ಓದುಗ ತಡೆದು ನಿಲ್ಲುವುದು ಲೇಸು.

ನಮ್ಮ ಪುರಾಣದಲ್ಲಿ ಈ ಎರಡು ವಿದ್ಯೆಗಳೂ ಒಬ್ಬನಲ್ಲಿಯೇ ಕೂಡಿವೆ. ನಳನು ಪಾಕಪ್ರವೀಣ, ಒಳ್ಳೆಯ ಅಡಿಗೆಗೆ ಇಂದಿಗೂ ನಳಪಾಕವೆನ್ನುತ್ತೇವೆ. ಅವನೇ ಪಗಡೆಯಲ್ಲಿ ಪುಷ್ಕರನಿಗೆ ರಾಜ್ಯವನ್ನು ಸೋತವನು. ಕನಕದಾಸರ 'ನಳಚರಿತ್ರೆ'ಯಿಂದ ಈ ಕಥೆ ಕನ್ನಡದ ಮನೆಮನೆಗೂ ಪರಿಚಿತವಾಗಿದೆ. ರೂಪಗೆಟ್ಟು ಬಾಹುಕನಾಗಿ ಪರರ ಊಳಿಗದಲ್ಲಿದ್ದ ನಳನನ್ನು ದಮಯಂತಿ ಪರೀಕ್ಷಿಸಿದ ಬಗೆಯನ್ನು ವ್ಯಾಸಭಾರತದಲ್ಲಿ ನೋಡಬೇಕು: ಅವನು ಬೇಯಿಸಿದ ಮಾಂಸವನ್ನು ತರಿಸಿ ರುಚಿನೋಡುತ್ತಾಳೆ, ಇದು ನಳನ ಕೈಯದೇ ಎಂದು ತಿಳಿಯುತ್ತಾಳೆ. ಮುಖ ಬದಲಾಗಿತ್ತು, ದೇಶ ಬದಲಾಗಿತ್ತು, ಅದೃಷ್ಟ ಬದಲಾಗಿತ್ತು. ಕೈಯ ಹದ ಬದಲಾಗಿರಲಿಲ್ಲ. ವಿದ್ಯೆ ಎಂದರೆ ಅದು. ಪಗಡೆಯಲ್ಲಿ ಅವನನ್ನು ಗುರುತಿಸಲು ಯಾರಿಗೆ ಸಾಧ್ಯವಿತ್ತು? ಅಲ್ಲಿ ಬಿದ್ದುದು ದಾಳ, ನಳನಲ್ಲ. ಅವನು ಮತ್ತೆ ಆಡಿ ರಾಜ್ಯವನ್ನು ಪಡೆದ ಎನ್ನುವವರು ನಡುವಣ ಒಂದು ಸಂಗತಿಯನ್ನು ಮರೆಯಬಾರದು. ತಾರೆಯ ಮರದ ಎಲೆ ಕಾಯಿಗಳನ್ನು ನಿಂತಲ್ಲೇ ಎಣಿಸಿ ಹೇಳಬಲ್ಲ ಋತುಪರ್ಣನಿಂದ ಅಕ್ಷಹೃದಯವೆಂಬ ಲೆಕ್ಕದ ವಿದ್ಯೆಯನ್ನು, ಅದಕ್ಕೆ ಪ್ರತಿಯಾಗಿ ತನ್ನ ಅಶ್ವಹೃದಯವನ್ನು ಕೊಟ್ಟು, ಕಲಿತ ಮೇಲೆಯೇ ಅವನು ಮತ್ತೆ ಪಣಕ್ಕೆ ಕುಳಿತುದು. ನೂರೈವತ್ತು ಪುಟದಲ್ಲಿ ಅಕ್ಷಹೃದಯವನ್ನು ಕೊಡುತ್ತೇವೆನ್ನುವ ಋತುಪರ್ಣರು ಇಂದು ಬಹಳ. ಪ್ರತಿಯಾಗಿ ಅವರು ಕೇಳುವುದು ಕುದುರೆಯ ವಿದ್ಯೆಯನ್ನಲ್ಲ.

ಹಸ್ತಪ್ರತಿಗಳನ್ನು ಹಿಂತಿರುಗಿಸುವಾಗ ಹುಡುಗನನ್ನು ಕೇಳಿದೆ: "ಈ ಪುಸ್ತಕ ಹೇಳಿದಂತೆ ನೀನೇನಾದರೂ ಮಾಡಿ ನೋಡಿದೆಯೇನಪ್ಪ?" ಕೋಳಿಯ ವಿಷಯಕ್ಕೆ ಉತ್ಸಾಹದಿಂದ ಉತ್ತರ ಹೇಳಿದ, ದಮ್ಮಿನಲ್ಲಿ ಮಾಡಿಸಿ ನೋಡುತ್ತೇನೆಂದ. ಇನ್ನೊಂದರ ವಿಷಯಕ್ಕೆ, ಅರ್ಥವಾಗಲೆಂದು ಸ್ವಲ್ಪ ಹಣ ಹಾಕಿದ್ದೆ ಎಂದ. ಎಷ್ಟು ಎಂದೆ. ನಕ್ಕು ಸುಮ್ಮನಾದ. ನಾನೂ ಮತ್ತೆ ಕೇಳಲಿಲ್ಲ.

ಕೋಳಿಯ ಪುಸ್ತಕಕ್ಕೆ ಮುನ್ನುಡಿ ಬರೆದುಕೊಟ್ಟಿದ್ದೇನೆ. ಇನ್ನೊಂದರ ಅಂಚಿನಲ್ಲಿ ಪೆನ್ಸಿಲಿನಿಂದ 'ಕೊಳ್ಳಿರಿ', 'ಮಾರಿರಿ' ಎಂದಿರುವೆಡೆಗಳಲ್ಲೆಲ್ಲ 'ಏರೀತು', 'ಬಿದ್ದೀತು' ಎಂದು ಗುರುತು ಮಾಡಿದ್ದೇನೆ. ಅವನು ಅವುಗಳನ್ನು ಒಪ್ಪಿಕೊಂಡು ಪುಸ್ತಕವನ್ನು ತಿದ್ದಿದರೆ ಅದು ಬಹುಶಃ ಇಷ್ಟು ಮಾರಾಟವಾಗದು. ಆದರೆ ಆಗ ಅದಕ್ಕೆ ಮುನ್ನುಡಿ ಬರೆಯಲು ನನಗೆ ಅಡ್ಡಿಯಿರದು.